ದೂರು ಬಾರದ ಹೆಣ

"ನನ್ನ ಮಣ್ಣು ಮಾಡ್ಯಾರಂತ್ರೀ ಮೇಡಂ. ಗುಂಡಿ ಮ್ಯಾಲೆ ಕಲ್ಲೂ ಇಟ್ಟಾರ. ಮುಂಜಾನೆ ಹೋಗಿ ನೋಡಿ ಬಂದೆ."

ಹುಸೇನಪ್ಪ ಇಷ್ಟು ಹೇಳಿ ಊರುಗೋಲನ್ನು ಗೋಡೆಗೆ ಆನಿಸಿಟ್ಟ. ಠಾಣೆಯ ಬೆಂಚಿನ ತುದಿಯಲ್ಲಿ, ಯಾರೋ ಎಬ್ಬಿಸಿಬಿಟ್ಟಾರು ಎಂಬಂತೆ ಅರ್ಧ ಕುಂಡೆಯೂರಿ ಕೂತ.

ಇನ್‌ಸ್ಪೆಕ್ಟರ್ ಗುರುದೇವಿ ಅವನ ಮುಖವನ್ನೇ ನೋಡಿದಳು. ಎರಡು ತಿಂಗಳ ಹಿಂದೆ ಹೈದರಾಬಾದಿನ ಪಟಾನ್‌ಚೆರು ಆಚೆಯ ಕೆರೆಯಲ್ಲಿ ತೇಲಿದ ಹೆಣವನ್ನು ಇವನದೇ ಎಂದು ಗುರುತು ಹಚ್ಚಿ ಇವನ ಹೆಂಡತಿಗೆ ಒಪ್ಪಿಸಿದ್ದರು. ನಿನ್ನೆ ಸಂಜೆ ಇವನು ಸೊಲ್ಲಾಪುರದ ಬಸ್ಸಿಳಿದು, ಮಣಿಕೊಂಡದ ತನ್ನ ತಗಡಿನ ಶೆಡ್ಡಿಗೆ ಕುಂಟುತ್ತ ಬಂದಿದ್ದ.

ಲಾರಿಯಿಂದ ಬಿದ್ದು ಸೊಂಟ ಮುರಿದು, ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಇಷ್ಟು ದಿನ ಮಲಗಿದ್ದನಂತೆ. ಫೋನು ಚೂರಾಗಿತ್ತು. ಹೆಂಡತಿಯ ನಂಬರು ಬಾಯಿಪಾಠ ಇರಲಿಲ್ಲ.

ಹೆಂಡತಿ ಗದಿಗೆಮ್ಮ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿದ್ದಳು. ಗಂಡ ಬಂದನೆಂದು ಪಕ್ಕದ ಶೆಡ್ಡಿನ ಹೆಂಗಸರು ಮುಂಜಾನೆ ಅವಳ ಕೈಗೆ ಹಸಿರು ಬಳೆ ಏರಿಸಿದ್ದರು. ಅವಳು ಆ ಬಳೆಗಳನ್ನು ಸದ್ದಾಗದಂತೆ ಒತ್ತಿ ಹಿಡಿದುಕೊಂಡಿದ್ದಳು. ಗಂಡನ ಕಡೆ ಕಣ್ಣೆತ್ತಿ ನೋಡಿರಲಿಲ್ಲ.

"ರಾತ್ರಿ ಬಾಗಿಲಾ ತೆಗೀಲಿಲ್ರಿ ಈಕಿ," ಎಂದ ಹುಸೇನಪ್ಪ. "ಹೊರಗಽ ಕುಂತಿದ್ದೆ."

"ಹೆಂಗ ತೆಗೀಲ್ರಿ?" ಗದಿಗೆಮ್ಮ ನೆಲಕ್ಕೆ ಹೇಳಿದಳು. "ಇದಽ ಕೈಲೆ ಮಣ್ಣು ಹಾಕಿ ಬಂದಾಕಿ ನಾನು."

ಗುರುದೇವಿಯ ಮನೆಯವರು ಬೀದರ ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಯಾದವರು. ದಿನವಿಡೀ ತೆಲುಗು ಹಿಂದಿಯಲ್ಲಿ ಗದರುವ ಅವಳ ಬಾಯಿಗೆ ಅಪರೂಪಕ್ಕೆ ಮನೆಯ ಮಾತು ಬಂತು.

"ಗದಿಗೆಮ್ಮಾ, ಆವತ್ತು ಶವಾಗಾರದಾಗ ಏನೇನ್ ಆತು, ನನಗ ಹೇಳು. ಮುಖ ನೋಡಿದ್ಯಾ?"

"ಮುಖ ಎಲ್ಲಿತ್ರಿ? ನೀರು ತಿಂದು ಬಿಟ್ಟಿತ್ತು. ನೋಡಬ್ಯಾಡ ಅಂದ್ರು. ನಾ ಕಾಲು ನೋಡ್ದೆ." ಅವಳು ತನ್ನದೇ ಅಂಗಾಲನ್ನು ಸೀರೆಯೊಳಗೆ ಎಳೆದುಕೊಂಡಳು. "ನಮ್ಮವನ ಕಾಲಂದ್ರ ಸಿಮೆಂಟ್ ತಿಂದು ಬಿರುಕು ಬಿಟ್ಟದ್ದು. ಆ ಕಾಲು ಮೆತ್ತಗಿದ್ವು. ಬೂಟು ಹಾಕೋ ಮಂದಿ ಕಾಲು. ಮತ್ತ ಭುಜದ ಮ್ಯಾಲೆ ಹೊಲಿಗಿ ಗುರುತಿತ್ತು. ಇವಗ ಹೊಲಿಗಿ ಎಲ್ಲೈತಿ?"

"ಯಾವ ಭುಜ?"

"ಎಡಗಡಿರಿ. ಎಲುಬಿನ ಗುಂಟ, ಕುತ್ತಿಗಿ ತನಕ. ಹಳೇದು."

"ಇದನ್ನ ಯಾರ ಮುಂದಾದ್ರೂ ಹೇಳಿದ್ಯಾ?"

ಗದಿಗೆಮ್ಮ ಮೊದಲ ಸಲ ತಲೆ ಎತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು.

"ಹೇಳ್ದೆರಿ! ಆನವಾಲು ಅಂತ, ಹೆಣ ಗುರುತು ಹಚ್ಚೋ ಆಫೀಸಿನ ಸಾಹೇಬ ಬಂದಿದ್ದ. ಕನ್ನಡ ಬರ್ತಿತ್ತು ಅವಗ. ಅಕ್ಕಾ ಅಕ್ಕಾ ಅಂತಿದ್ದ. ಇದು ನಮ್ಮವಂದಲ್ಲಪಾ ಅಂತ ಎರಡು ಸಲ ಹೇಳ್ದೆ. ಅವ ಪೊಲೀಸರಿಗೆ ಇಂಗ್ಲಿಷಿನ್ಯಾಗ ಏನೋ ಹೇಳ್ದ. ಅವರು ಹೆಬ್ಬಟ್ಟು ಒತ್ತಿಸ್ಕೊಂಡ್ರು. ಗಾಡಿ ಬಂತು. ಅತ್ತಿ ಬೋರ್ಯಾಡಿ ಅಳಾಕತ್ತಿದ್ಲು. ನನಗ... ಎಷ್ಟು ಶವಾಗಾರ ತಿರುಗಿದ್ದೆ ಮೇಡಂ. ಸಾಕಾಗಿತ್ತು."

ಗುರುದೇವಿ ಪಕ್ಕದ ಕೋಣೆಗೆ ಹೋಗಿ ಅಂದು ಶವ ಒಪ್ಪಿಸಿದ ಎಸ್‌ಐಗೆ ಫೋನು ಮಾಡಿದಳು. ಅವನಿಗೆ ಚೆನ್ನಾಗಿ ನೆನಪಿತ್ತು. ಹೆಂಗಸು ಕಾಲು, ಭುಜದ ಗುರುತು ನೋಡಿ ತನ್ನ ಗಂಡನೇ ಎಂದಳೆಂದು ಆನವಾಲಿನ ಅರವಿಂದ್ ಸಾರ್ ಹೇಳಿದರು, ಅದನ್ನೇ ಬರೆದುಕೊಂಡೆ ಎಂದ.

ಅವಳು ಅಲ್ಲ ಎಂದದ್ದು ಎರಡು ಹೆಜ್ಜೆ ದೂರ ಹೋಗುವಷ್ಟರಲ್ಲಿ ಹೌದಾಗಿತ್ತು.

*

ಆನವಾಲು ಸಂಸ್ಥೆಯ ಕಚೇರಿ ಮಾದಾಪುರದ ಗಾಜಿನ ಕಟ್ಟಡವೊಂದರಲ್ಲಿತ್ತು. ತೆಲುಗಿನಲ್ಲಿ ಆನವಾಲು ಎಂದರೆ ಗುರುತು. ಊರಿನ ಶವಾಗಾರಗಳಲ್ಲಿ ಬೀಳುವ ವಾರಸುದಾರರಿಲ್ಲದ ಹೆಣಗಳನ್ನೂ, ಠಾಣೆಗಳಲ್ಲಿ ದಾಖಲಾಗುವ ಕಾಣೆಯಾದವರನ್ನೂ ತಾಳೆ ಹಾಕಿ ಜೋಡಿಸುವುದು ಇವರ ಕೆಲಸ.

ಒಳಗೆ ಎಸಿ ಜೋರಾಗಿತ್ತು. ಸಾಲು ಸಾಲು ಪರದೆಗಳ ಮೇಲೆ ಸತ್ತವರ ಮುಖಗಳು. ಅವುಗಳ ಮುಂದೆ ಇಪ್ಪತ್ತು ದಾಟಿದ ಹುಡುಗ ಹುಡುಗಿಯರು. ಒಬ್ಬಳು ಬಿಸ್ಕೆಟ್ಟು ಕಚ್ಚುತ್ತಲೇ ಒಂದು ಮುಖವನ್ನು ದೊಡ್ಡದು ಮಾಡಿ ನೋಡುತ್ತಿದ್ದಳು.

ಅರವಿಂದನ ಕೋಣೆಯ ಗೋಡೆಗೆ ಬಿಳಿ ಬೋರ್ಡಿತ್ತು. ಅದರ ಮೇಲೆ ದಪ್ಪಕ್ಷರದಲ್ಲಿ ತಂಡದ ಗುರಿ: ತಪ್ಪು ಜೋಡಣೆ, ನೂರಕ್ಕೆ ಎರಡಕ್ಕಿಂತ ಕಡಿಮೆ. ಅದರ ಕೆಳಗೆ ತಿಂಗಳು ತಿಂಗಳಿಗೂ ಹಸಿರು ಚುಕ್ಕಿ. ಮೊದಲ ಒಂದೆರಡು ಮಾತ್ರ ಕೆಂಪು.

"ಗುರಿ ಭಾಳ ಸ್ಪಷ್ಟ ಐತಿ," ಎಂದಳು ಗುರುದೇವಿ. "ಯಾರು ಇಟ್ಟದ್ದು?"

"ನಾನೇ ಮೇಡಂ." ಅರವಿಂದನಿಗೆ ನಲವತ್ತರ ಆಸುಪಾಸು. ಅಪ್ಪ ತುಮಕೂರಿನಿಂದ ಬಂದು ಇಲ್ಲಿಯ ರಕ್ಷಣಾ ಕಾರ್ಖಾನೆಯಲ್ಲಿದ್ದವರು. ಮಾತಿನಲ್ಲಿ ಇನ್ನೂ ಆ ಕಡೆಯ ಎಳೆತವಿತ್ತು. "ನಾನು ಬರೋಕೆ ಮುಂಚೆ ಇಲ್ಲಿ, ಮಾಹಿತಿ ಚೆನ್ನಾಗಿರಬೇಕು, ಅಂತಷ್ಟೇ ಅಂತಿದ್ರು. ಚೆನ್ನಾಗಿ ಅಂದ್ರೆ ಎಷ್ಟು? ಯಾವಾಗಿನೊಳಗೆ? ನೋಡೋರು ಯಾರು? ಏನೂ ಇರಲಿಲ್ಲ. ಅಳತೆಯಿಲ್ಲದೆ ಹುಡುಗರನ್ನ ನಡೆಸೋಕಾಗಲ್ಲ. ನಾನು ಅಳತೆ ತಂದೆ."

"ಒಳ್ಳೇದಽ ಮಾಡಿದ್ರಿ. ಒಂದು ಹೆಣ ತಪ್ಪಿದ ಮನಿಗೆ ಹೋತು ಅಂತ ನಿಮಗ ಹೆಂಗ ಗೊತ್ತಾಗ್ತದ?"

"ಮನೆಯವರು ದೂರು ಕೊಡ್ತಾರೆ."

"ಕೊಡದಿದ್ರ?"

ಅರವಿಂದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದ. "ಕೊಡದಿದ್ರೆ ಜೋಡಣೆ ಸರಿ ಅಂತ ಲೆಕ್ಕ."

"ಹುಸೇನಪ್ಪ ಅಂತ ಒಬ್ಬವ ಇದೀಗ ನನ್ನ ಠಾಣೆದಾಗ ಚಹಾ ಕುಡೀಲಿಕತ್ತಾನ. ನಿಮ್ಮ ಹಸಿರು ಚುಕ್ಕಿಯೊಳಗ ಅವನೂ ಅದಾನೇನು?"

ಬಾಟಲಿ ಮೇಜಿನ ಮೇಲೆ ನಿಂತಿತು. ಅರವಿಂದನಿಗೆ ಹೆಸರು ನೆನಪಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವನ ಕಣ್ಣು ಬಾಗಿಲಿನ ಕಡೆ, ಗೋಡೆಯ ಕಡೆ ಹೋಗಿ ಬಂದು ತನ್ನ ಕೈಯ ಮೇಲೆ ನಿಂತಿತು.

"ಬದುಕಿದ್ದಾನಾ?"

"ಕುಂಟತಾನ. ಬದುಕ್ಯಾನ."

"ಎಲ್ಲೋ ಒಂದು ಹೀಗಾಗುತ್ತೆ ಮೇಡಂ. ನೂರಕ್ಕೆ ಎರಡು ಅಂತ ನಾವೇ ಒಪ್ಕೊಂಡಿದ್ದೀವಲ್ಲ—"

"ಆ ಎರಡರಾಗ ಇವ ಇಲ್ಲ. ಇವ ತೊಂಬತ್ತೆಂಟರಾಗ ಅದಾನ. ಅದಕ್ಕಽ ಬಂದೀನಿ." ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಈ ಕೆಂಪು ಚುಕ್ಕಿ ಯಾವಾಗಿನವು?"

ಅರವಿಂದ ಬೋರ್ಡಿನ ಕಡೆ ತಿರುಗಲಿಲ್ಲ. "ಶುರೂನಲ್ಲಿ. ಆಗ ಅಳತೆ ಬೇರೆ ಇತ್ತು."

"ಏನಿತ್ತು?"

"ಮುಗಿದ ಕೇಸುಗಳಲ್ಲಿ ಚೀಟಿ ಎತ್ತಿದ ಹಾಗೆ ಕೆಲವನ್ನ ಆರಿಸಿ, ಮನೆಯವರ ರಕ್ತ ತೆಗೆದು ಡಿಎನ್‌ಎ ತಾಳೆ ನೋಡ್ತಿದ್ವಿ. ನಾವು ಹೇಳಿದ್ದು ನಿಜವಾ ಅಂತ ನಾವೇ ಪರೀಕ್ಷೆ ಮಾಡೋದು. ನಿಧಾನ, ಆದರೆ ಅದೇ ಸರಿಯಾದ ಕ್ರಮ." ಅವನ ದನಿ ತಗ್ಗಿತು. "ಮೊದಲ ತಿಂಗಳೇ ಹತ್ತರಲ್ಲಿ ಮೂರು ತಪ್ಪು ಬಂತು. ಎರಡನೇ ತಿಂಗಳೂ ಹಾಗೇ."

ಗುರುದೇವಿ ಬೋರ್ಡಿನ ಹಸಿರು ಚುಕ್ಕಿಗಳನ್ನು ನೋಡಿದಳು. ಹೊರಗೆ ಯಾರೋ ನಕ್ಕರು. ಕಾಫಿ ಯಂತ್ರ ಗುರುಗುಟ್ಟಿತು. ಹತ್ತು ಮನೆಗಳಲ್ಲಿ ಮೂರು ಮನೆಯವರು ಯಾರದೋ ಹೆಣದ ಮುಂದೆ ಎದೆ ಬಡಿದುಕೊಂಡಿದ್ದಾರೆ. ಅವರಿಗೆ ಇವತ್ತಿಗೂ ಗೊತ್ತಿಲ್ಲ.

"ಆಮ್ಯಾಲೆ?"

"ಮೇಲಿನವರು ಗಾಬರಿಯಾದ್ರು. ಆರು ತಿಂಗಳಲ್ಲಿ ಎರಡಕ್ಕಿಳಿಸ್ತೀನಿ ಅಂತ ನಾನು ಮಾತು ಕೊಟ್ಟಿದ್ದೆ. ಇಳಿಸೋಕೆ ಎರಡೇ ದಾರಿ. ಕೆಲಸ ಸರಿ ಮಾಡೋದು, ಇಲ್ಲಾ..."

"ಅಳತಿ ಬದಲ ಮಾಡೋದು."

"ಹೌದು. ದೂರು ಬಂದರೆ ಮಾತ್ರ ತಪ್ಪು ಅಂತ ತಿದ್ದಿದ್ವಿ. ಮುಂದಿನ ತಿಂಗಳಿಂದ ಚುಕ್ಕಿ ಹಸಿರು." ಅವನು ನಗಲು ನೋಡಿ ಸೋತ. "ಪ್ರಶಸ್ತಿನೂ ಬಂತು."

"ದೂರು ಕೊಡೋರು ಯಾರು ಅರವಿಂದ್? ವಕೀಲರ ಮನಿಯವರು ಕೊಡ್ತಾರ. ಗಾರೆ ಕೆಲಸದ ಗದಿಗೆಮ್ಮ ಎಲ್ಲಿ ಕೊಡಬೇಕು? ನಿಮ್ಮ ಫೋನಿನ್ಯಾಗ ಆಕಿ ಮಾತು ತಿಳಿಯೋರು ಯಾರದಾರ?"

ಹೆಸರು ಗೊತ್ತಿಲ್ಲದ ಹೆಣಗಳು ಯಾವ ಮನೆಗಳಿಗೆ ಹೆಚ್ಚು ಹೋಗಿರಬೇಕೆಂದು ಗುರುದೇವಿಗೆ ಆಗ ಹೊಳೆಯಿತು. ಯಾದಗಿರಿ, ರಾಯಚೂರು, ತೆಲಂಗಾಣದ ಪಾಲಮೂರಿನಿಂದ ಬಂದು ಶೆಡ್ಡುಗಳಲ್ಲಿರುವವರ ಕಡೆಗೆ. ತಿರುಗಿ ಕೇಳಲು ಬಾರದವರ ಕಡೆಗೆ. ಯಾರೂ ಹಾಗೆ ಮಾಡೆಂದು ಹೇಳಿರಲಿಕ್ಕಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

"ಹಳೇ ಅಳತಿ ನೋಡಿಕೊಳ್ತಿದ್ದವರು ಯಾರು?"

"ತರುಣ ಅಂತ. ನಮ್ಮ ತಂಡದವನೇ. ಬಿಜಾಪುರ ಕಡೆಯವರು, ಅಮ್ಮ ಪಟಾನ್‌ಚೆರು ಹತ್ತಿರ ಕಂಪನಿ ಕ್ವಾರ್ಟರ್ಸಿನಲ್ಲಿದ್ದಾರೆ. ತುಂಬಾ ಹಟದ ಹುಡುಗ. ಅಳತೆ ಬದಲಾಯಿಸಿದ ಮೇಲೂ ಗುಟ್ಟಾಗಿ ಪರೀಕ್ಷೆ ಮಾಡಿಸ್ತಿದ್ದ. ಒಂದು ದಿನ ಬಂದು, ಇದು ಬರೀ ಅಜಾಗರೂಕತೆ ಅಲ್ಲ ಸಾರ್, ಕೆಲವು ಹೆಣಗಳ ವಿವರ ಶವಾಗಾರದಿಂದಲೇ ತಪ್ಪಾಗಿ ಬರ್ತಿದೆ, ಬೇಕಂತಲೇ, ಅಂದ. ನಾನು ಬೈದು ಕಳಿಸಿದೆ."

"ಈಗ ಎಲ್ಲದಾನ?"

"ಎರಡು ತಿಂಗಳ ಹಿಂದೆ ಬಿಟ್ಟುಹೋದ. ಕೊಚ್ಚಿಯಲ್ಲಿ ಕೆಲಸ ಸಿಕ್ತು ಅಂತ ಈಮೇಲ್ ಬಂತು."

"ಎದುರಿಗೆ ಬಂದು ಹೇಳಲಿಲ್ಲ?"

"ಇಲ್ಲ. ಜಗಳ ಆಗಿತ್ತಲ್ಲ, ಅದಕ್ಕೇ ಅಂದ್ಕೊಂಡೆ."

ಗುರುದೇವಿ ಆ ಮಾತನ್ನು ಬದಿಗಿಟ್ಟಳು. ಅವಳಿಗೆ ಈಗ ಬೇಕಾದದ್ದು ಶವಾಗಾರದ ಆ ದಿನ.

"ನೀವು ಹೆಣ ತೋರಿಸಲಿಕ್ಕೆ ಹೋಗೋರಲ್ಲ. ಆವತ್ತು ಯಾಕ ಹೋದ್ರಿ?"

"ತಿಂಗಳ ಕೊನೆ ಮೇಡಂ. ಎಷ್ಟು ಕೇಸು ಮುಗಿಸಬೇಕು ಅನ್ನೋದಕ್ಕೂ ಒಂದು ಗುರಿ ಇದೆ. ಒಂದು ಕಡಿಮೆ ಬಿದ್ದಿತ್ತು. ಆ ಹೆಂಗಸಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ ಅಂದ್ರು. ನಾನೇ ಹೋದೆ."

"ಆಕಿ ಏನಂದ್ಲು?"

"ತನ್ನ ಗಂಡನೇ ಅಂತ—"

"ಅರವಿಂದ್." ಗುರುದೇವಿ ದನಿ ಏರಿಸಲಿಲ್ಲ. "ನಾನೂ ಕನ್ನಡದಾಕಿ. ಆಕಿ ನಿಮಗ ಏನಂದ್ಲು?"

ಅವನು ಎರಡೂ ಕೈಯಿಂದ ಮುಖ ಉಜ್ಜಿಕೊಂಡ. ಬೆರಳುಗಳ ಸಂದಿನಿಂದ ಮಾತು ಬಂತು.

"ನಮ್ಮವಂದಲ್ಲಪಾ ಅಂದ್ರು. ಎರಡು ಸಲ."

"ನೀವು?"

"ಹೌದು ಅಂತಿದ್ದಾರೆ ಅಂದೆ." ಅವನ ಕತ್ತು ಬಗ್ಗಿತು. "ದುಃಖದಲ್ಲಿ ಎಲ್ಲರೂ ಹಾಗೇ ಅಂತಾರೆ, ನನ್ನ ಗಂಡ ಅಲ್ಲ, ನನ್ನ ಮಗ ಅಲ್ಲ ಅಂತ. ಹಾಗಂತ ನನಗೆ ನಾನೇ ಹೇಳ್ಕೊಂಡೆ. ಎತ್ತರ ಹೊಂದುತ್ತಿತ್ತು, ವಯಸ್ಸು ಹೊಂದುತ್ತಿತ್ತು. ಮೇಡಂ, ನಾನು ಲೆಕ್ಕ ಸುಳ್ಳು ಮಾಡಿದ್ದೀನಿ. ಯಾರನ್ನೂ ಕೊಂದಿಲ್ಲ."

"ಹೆಣ ನೀವು ನೋಡಿದ್ರೇನು?"

"ಇಲ್ಲ. ಬಾಗಿಲಲ್ಲೇ ಕರ್ಚೀಫು ಹಿಡ್ಕೊಂಡು ನಿಂತಿದ್ದೆ. ವಾಸನೆಗೆ..."

"ಆಕಿ ಕಾಲಿನ ಮಾತು ಹೇಳಿದ್ಲು. ಭುಜದ ಮಾತೂ ಹೇಳಿದ್ಲು. ಅದು ನೆನಪೈತೇನು?"

"ಏನೋ ಗಾಯದ ಗುರುತು ಅಂದ್ರು. ಆದರೆ ಶವಾಗಾರದಿಂದ ನಮಗೆ ಬಂದ ವಿವರದಲ್ಲಿ, ದೇಹದ ಮೇಲೆ ಯಾವ ಗುರುತೂ ಇಲ್ಲ, ಅಂತಿತ್ತು. ಅದಕ್ಕೇ ನಾನು..."

"ಹಳೇ ಹೊಲಿಗಿ. ಎಡಭುಜ. ಎಲುಬಿನ ಗುಂಟ ಕುತ್ತಿಗಿ ತನಕ."

ಅರವಿಂದ ಕೈ ಕೆಳಗಿಳಿಸಿದ. ಕೇಳಿದ್ದು ಅರ್ಥವಾಗದವನಂತೆ ಅವಳ ಬಾಯಿಯನ್ನೇ ನೋಡಿದ. ಆಮೇಲೆ ಅವನ ಬಲಗೈ ತಾನಾಗಿಯೇ ಮೇಲೆದ್ದು ತನ್ನ ಎಡಭುಜದ ಮೇಲೆ ಕೂತಿತು.

"ಪ್ಲೇಟು," ಎಂದ.

"ಏನು?"

"ಒಳಗೆ ಸ್ಟೀಲ್ ಪ್ಲೇಟು ಹಾಕಿದ್ದಾರೆ. ಹೋದ ವರ್ಷ ಸ್ಕೂಟರಿಂದ ಬಿದ್ದ. ನಾವೆಲ್ಲ ಆಸ್ಪತ್ರೆಗೆ ಹೋಗಿದ್ವಿ. ಹೊಲಿಗೆ ಬಿಚ್ಚಿದ ದಿನ ಅಂಗಿ ಸರಿಸಿ ಇಡೀ ಆಫೀಸಿಗೆ ತೋರಿಸಿ ನಗ್ತಿದ್ದ." "ಅವನ ಕಾಲು... ಅವನು ಶೂ ಬಿಚ್ಚಿದ್ದೇ ನಾನು ಕಂಡಿಲ್ಲ..."

"ಯಾರು ಅರವಿಂದ್?"

"ತರುಣ."

ಗಾಜಿನ ಗೋಡೆಯಾಚೆ ಹುಡುಗಿ ಇನ್ನೊಂದು ಮುಖವನ್ನು ಪರದೆಗೆ ತಂದಳು. ಅರವಿಂದ ಎದ್ದು ಕಸದ ಬುಟ್ಟಿಯ ಕಡೆ ಹೋಗುವಷ್ಟರಲ್ಲಿ ಅಲ್ಲೇ ನೆಲದ ಮೇಲೆ ವಾಂತಿ ಮಾಡಿಕೊಂಡ. ತಪ್ಪು ಜೋಡಣೆಯ ಲೆಕ್ಕ ಹಿಡಿಯಲು ಹೊರಟ ಹುಡುಗನನ್ನು, ಒಂದು ಕೇಸು ಕಡಿಮೆ ಬಿದ್ದದ್ದಕ್ಕೆ, ಅವನ ಮೇಲಿನವನೇ ಬೇರೆಯವನ ಹೆಸರಿನಲ್ಲಿ ಮಣ್ಣಿಗೆ ಕಳಿಸಿದ್ದ.

ಗುರುದೇವಿ ಅವನಿಗೆ ನೀರು ಕೊಡಲಿಲ್ಲ. ಕೊಡಬೇಕೆನಿಸಲಿಲ್ಲ.

*

ಗುಂಡಿ ತೆಗೆಸಲು ಅನುಮತಿ ಸಿಕ್ಕಿತು. ಗುರುದೇವಿ ಒಂದೇ ಷರತ್ತು ಹಾಕಿದ್ದಳು. ವಿವರ ತಪ್ಪಾಗಿ ಬಂದದ್ದು ಶವಾಗಾರದಿಂದ. ಆದ್ದರಿಂದ ಅಲ್ಲಿಯ ಯಾವ ಡಾಕ್ಟರೂ ಬೇಡ, ಬೇರೆ ಆಸ್ಪತ್ರೆಯವರೇ ಬರಬೇಕು. ಇಲಾಖೆಯಿಂದ ಡಾಕ್ಟರ್ ಭೀಮಾಶಂಕರರ ಹೆಸರು ಬಂತು. ತಾವಾಗಿಯೇ ಮುಂದೆ ಬಂದರೆಂದು ಹೇಳಿದರು.

ಅವಳು ತರುಣನ ತಾಯಿ ಸಾವಿತ್ರಿಗೂ ಫೋನು ಮಾಡಿದ್ದಳು.

"ನನ್ನ ಮಗ ಕೊಚ್ಚಿಯಾಗದಾನ್ರಿ," ಎಂದಿತ್ತು ಆ ದನಿ, ಓದಿ ಒಪ್ಪಿಸಿದ ಹಾಗೆ.

"ಅವರ ಹತ್ರ ಕಡೀಗೆ ಯಾವಾಗ ಮಾತಾಡಿದ್ರಿ?"

ಆ ಕಡೆ ಕುಕ್ಕರು ಕೂಗುವುದು ಕೇಳಿಸಿತು. ಆಮೇಲೆ ಬಂದದ್ದು ಬೇರೆ ಪ್ರಶ್ನೆ.

"ಯಾವ ಸ್ಮಶಾನ ಅಂದ್ರಿ?"

ಮಣಿಕೊಂಡದ ಹಿಂದೆ, ಏಳುತ್ತಿರುವ ಎರಡು ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಕೊಂಡ ಸಣ್ಣ ಸ್ಮಶಾನ. ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ತಹಶೀಲ್ದಾರರು ಮರದ ನೆರಳಿಗೆ ಮೇಜು ಹಾಕಿಸಿಕೊಂಡು ಕೂತಿದ್ದರು. ಅರವಿಂದನನ್ನು ಪೊಲೀಸರೊಬ್ಬರು ಗೇಟಿನ ಹತ್ತಿರ ನಿಲ್ಲಿಸಿದ್ದರು.

ಹುಸೇನಪ್ಪ ಊರುಗೋಲು ಊರಿ, ತನ್ನ ಹೆಸರಿನ ಗುಂಡಿ ಅಗೆಯುವುದನ್ನು ನೋಡುತ್ತ ನಿಂತಿದ್ದ. ಸಲಿಕೆ ಬಿದ್ದಾಗಲೆಲ್ಲ ಅವನ ಕಣ್ಣು ಮಿಟುಕುತ್ತಿತ್ತು.

ಗದಿಗೆಮ್ಮ ಸೆರಗಿನಲ್ಲಿ ಚೆಂಡು ಹೂ ಕಟ್ಟಿಕೊಂಡು ಬಂದಿದ್ದಳು.

"ಯಾರ ಮಗನೋ ಏನೋ," ಎಂದಳು ಗುರುದೇವಿಗೆ. "ಮೂರನೇ ದಿನ ಎಡಿ ಇಟ್ಟೀನ್ರಿ ಅವಗ. ಹೆಸರು ಕೂಗಿ ಅತ್ತೀನಿ. ಆ ಹೆಸರಿನಾಂವ ಇಲ್ಲೇ ನಿಂತಾನ. ಅತ್ತಿದ್ದೇನು ಸುಳ್ಳಲ್ಲ ಮೇಡಂ. ಅದು ಅವಗಽ ಸಲ್ಲಲಿ."

ಡಾಕ್ಟರ್ ಭೀಮಾಶಂಕರ ಆ ಮಾತು ಕೇಳಿಸಿಕೊಂಡು ತಿರುಗಿದರು. ನೆರೆತ ಕೂದಲಿನ, ಮೃದು ಮಾತಿನ ಮನುಷ್ಯ, ಕಲಬುರಗಿಯವರಂತೆ. "ಭಾಳ ದೊಡ್ಡ ಮಾತು ಹೇಳಿದೆವ್ವಾ," ಎಂದು ತಮ್ಮದೇ ನೀರಿನ ಬಾಟಲಿ ಅವಳ ಕೈಗೆ ಕೊಟ್ಟರು. ಈ ಇಡೀ ಪ್ರಕರಣದಲ್ಲಿ ಆ ಹೆಂಗಸಿನ ಕೂಡ ಮನುಷ್ಯರಂತೆ ಮಾತಾಡಿದವರು ಇವರೊಬ್ಬರೇ ಎಂದು ಗುರುದೇವಿಗೆ ಅನಿಸಿತು.

ಗುಂಡಿಯಿಂದ ಎತ್ತಿದ್ದನ್ನು ಬಿಳಿ ಬಟ್ಟೆಯ ಮೇಲಿಟ್ಟರು. ಹುಸೇನಪ್ಪ ಮುಖ ತಿರುಗಿಸಿಕೊಂಡ. ಡಾಕ್ಟರು ಕೈಗವಸು ಹಾಕಿಕೊಂಡು ಮಂಡಿಯೂರಿದರು. ಬಹಳ ಹೊತ್ತೇನೂ ಬೇಕಾಗಲಿಲ್ಲ. ಎಡಗಡೆ, ಭುಜದ ಎಲುಬಿಗೆ ಅಂಟಿಕೊಂಡು, ಮಣ್ಣಿನ ನಡುವೆ ಒಂದು ಚೂರು ಲೋಹ ಬಿಸಿಲಿಗೆ ಮಿಂಚಿತು.

ಗೇಟಿನ ಹತ್ತಿರ ಅರವಿಂದ ಗೋಡೆಯ ಕಡೆ ತಿರುಗಿ ನಿಂತ.

"ಪ್ಲೇಟಿನ ಮೇಲೆ ತಯಾರಿಕೆಯ ನಂಬರು ಇರ್ತದ," ಎಂದರು ಡಾಕ್ಟರು. "ಯಾವ ಆಸ್ಪತ್ರೆ, ಯಾರಿಗೆ ಹಾಕಿದ್ದು, ಎಲ್ಲಾ ಸಿಗ್ತದ. ಲ್ಯಾಬಿಗೆ ನಾನಽ ಒಯ್ಯತೀನಿ." ಅವರು ಅದನ್ನು ಜೋಪಾನವಾಗಿ ಬಿಡಿಸಿ ಸಣ್ಣ ಡಬ್ಬಿಗೆ ಹಾಕಿ ತಹಶೀಲ್ದಾರರ ಮೇಜಿನ ಮೇಲಿಟ್ಟರು. ಉಳಿದದ್ದರ ಮೇಲೆ ಬಟ್ಟೆ ಮುಚ್ಚಿದರು.

ಅಷ್ಟರಲ್ಲಿ ಆಟೋ ಬಂದು ನಿಂತಿತು.

ಸಾವಿತ್ರಿ ಒಬ್ಬಳೇ ಇಳಿದಳು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. ಡ್ಯೂಟಿಗೆ ಹೊರಟವಳು ದಾರಿಯಲ್ಲಿ ಇಳಿದಂತೆ. ಗುರುದೇವಿ ಎದುರು ಹೋಗಿ ಅವಳ ಮೊಣಕೈ ಹಿಡಿದಳು. ಆ ಕೈ ಬಿಸಿಲಲ್ಲೂ ತಣ್ಣಗಿತ್ತು.

"ಅಮ್ಮಾರೇ, ಗಟ್ಟಿ ಮನಸ್ಸು ಮಾಡ್ಕೋರಿ. ಒಂದು ಸಲ—"

"ಅಲ್ಲ," ಎಂದಳು ಸಾವಿತ್ರಿ.

"ಏನಂದ್ರಿ?"

"ಅದು ನನ್ನ ಮಗ ಅಲ್ಲ."

"ಇನ್ನಾ ಬಟ್ಟಿ ತೆಗದಿಲ್ರಿ. ನೀವು ಆ ಕಡೆ ನೋಡೇ ಇಲ್ಲ."

"ನೋಡೋದೇನೈತಿ?" ಸಾವಿತ್ರಿಯ ಮಾತಿನಲ್ಲಿ ಏರಿಳಿತವೇ ಇರಲಿಲ್ಲ. "ನಾನು ಬಂದದ್ದು ಇದನ್ನ ಹೇಳಲಿಕ್ಕಽ. ಬ್ಯಾರೆ ಯಾವ ತಾಯಿನೋ ಹುಡುಕ್ಯಾಡಾಕತ್ತಿರ್ತಾಳ, ಆಕಿಗೆ ಹೇಳ್ರಿ. ನನ್ನ ಮಗನ್ನ ನಾನಽ ಸುಟ್ಟೀನಿ."

ಗುರುದೇವಿಯ ಕೈ ತಾನಾಗಿ ಸಡಿಲವಾಯಿತು.

"ಯಾವಾಗ?"

"ಎರಡು ತಿಂಗಳಾತು. ಉರುಲು ಹಾಕ್ಕೊಂಡಾನ ಅಂತ ಹೇಳಿದ್ರು. ಕೇಸಾದ್ರ ಕೊಯ್ತಾರ, ಪೇಪರಿನ್ಯಾಗ ಹಾಕ್ತಾರ, ಸುಮ್ಮನ ಮುಗಿಸಿಬಿಡ್ರಿ ತಾಯಿ ಅಂದ್ರು. ಯಾರು ಕೇಳಿದ್ರೂ ಕೊಚ್ಚಿಗೆ ಹೋಗ್ಯಾನ ಅನ್ರಿ ಅಂದ್ರು. ಅಂದೆ. ಓಣ್ಯಾಗ ಅಂದೆ, ಆಫೀಸಿನ್ಯಾಗ ಅಂದೆ, ನಿಮಗೂ ಅಂದೆ." ಅವಳು ಕೊರಳಿನ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದಳು. "ಮಗ ಸತ್ತದ್ದಕ್ಕ ಒಂದು ದಿನ ಬಾಯಿಬಿಟ್ಟು ಅಳಲಿಲ್ಲ ನಾನು."

"ಅವನ ಮುಖ ನೋಡಿದ್ರೇನ್ರಿ?"

ಈ ಪ್ರಶ್ನೆಯನ್ನು ಸಾವಿತ್ರಿಗೆ ಯಾರೂ ಕೇಳಿರಲಿಲ್ಲ. ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ.

"ಪೂರಾ ಸುತ್ತಿದ್ರು," ಎಂದಳು ಕೊನೆಗೆ. "ನೋಡಬ್ಯಾಡ್ರಿ ಅಂದ್ರು."

"ಭುಜ? ಎಡಭುಜ?"

ಇಲ್ಲ ಎಂದು ತಲೆಯಾಡಿತು. ಅವಳ ಕಣ್ಣು ಮೊದಲ ಸಲ ಬಿಳಿ ಬಟ್ಟೆಯ ಕಡೆ ಹೊರಳಿತು. ಅಲ್ಲೇ ನಿಂತುಬಿಟ್ಟಿತು.

ಗದಿಗೆಮ್ಮ ಹತ್ತಿರ ಬಂದಿದ್ದಳು. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೆರಗಿನ ಹೂವನ್ನು ಎರಡೂ ಕೈಯಲ್ಲಿ ಹಿಡಿದು, ಸಾವಿತ್ರಿಯನ್ನಲ್ಲ, ಗುರುದೇವಿಯನ್ನು ಕೇಳಿದಳು.

"ಹಂಗಾರ ಈ ಅಕ್ಕ ಸುಟ್ಟಿದ್ದು ಯಾರನ್ನ್ರಿ?"

ಮೇಲೆ ಕಟ್ಟಡದಲ್ಲಿ ಯಾರೋ ಕಬ್ಬಿಣ ಬಡಿಯುತ್ತಿದ್ದ ಸದ್ದು ನಿಂತು ಮತ್ತೆ ಶುರುವಾಯಿತು.

"ಸಾವಿತ್ರಿಯವರೇ," ಗುರುದೇವಿ ಅವಳ ಎರಡೂ ಭುಜ ಹಿಡಿದಳು. "ನಿಮಗ ಆ ಹೆಣ ಕೊಟ್ಟವರು ಯಾರು? ಸುಮ್ಮನಿರ್ರಿ ಅಂತ ಹೇಳಿದವರು ಯಾರು? ಹೆಸರು ಗೊತ್ತೈತೇನು?"

"ಹೆಸರು ಗೊತ್ತಿಲ್ಲ." ಸಾವಿತ್ರಿ ಬಟ್ಟೆಯಿಂದ ಕಣ್ಣು ಕೀಳದೆ ಹೇಳಿದಳು. "ಭಾಳ ಸಮಾಧಾನ ಹೇಳಿದ್ರು. ತಮ್ಮ ಬಾಟ್ಲಿ ನೀರು ಕುಡಿಸಿದ್ರು. ಕಲಬುರಗಿ ಮಾತು. ನೀವಽ ಕೇಳ್ರಲ್ಲ... ನಾ ಆಟೋ ಇಳಿಯೋ ಹೊತ್ತಿಗೆ ಇಲ್ಲೇ ನಿಂತಿದ್ರು. ಬಿಳೇ ಕೂದಲು."

ಗುರುದೇವಿ ಗರಕ್ಕನೆ ತಿರುಗಿದಳು.

ತಹಶೀಲ್ದಾರರು ಮೇಜಿನ ಮೇಲೆ ಬಗ್ಗಿ ಸಹಿ ಹಾಕುತ್ತಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ ಒಂದು ಜೊತೆ ಕೈಗವಸು ಬಿದ್ದಿತ್ತು. ಮೇಜಿನ ಮೇಲಿದ್ದ ಸಣ್ಣ ಡಬ್ಬಿ ಇರಲಿಲ್ಲ.

ಸ್ಮಶಾನದ ಗೋಡೆಯಾಚೆ ಕಾರೊಂದು ಸ್ಟಾರ್ಟ್ ಆದ ಸದ್ದು ಕೇಳಿಸಿತು.